ಹಳೇ ಫೋನು, 20 ಡಿ ಲೆನ್ಸು, ನನ್ನ ಹಠ

"ಇದು ರೆಟಿನಾನಾ? ಹುಣ್ಣಿಮೆ ಚಂದ್ರ ಅಂದ್ಕೊಂಡೆ ಕಣಯ್ಯಾ." ನಾನು ಮೊದಲ ಸಲ ಫೋನಲ್ಲಿ ತೆಗೆದ ಫಂಡಸ್ (ಕಣ್ಣಿನೊಳಗೆ ಹಿಂಬದಿಯ ರೆಟಿನಾ ಪರದೆ) ಫೋಟೋ ನೋಡಿ ನಮ್ಮ ರೆಟಿನಾ ಡಾಕ್ಟರು ಅಂದದ್ದು ಇಷ್ಟೇ. ತಪ್ಪೇನೂ ಇರಲಿಲ್ಲ. ಚಿತ್ರದ ನಡುವೆ ಫ್ಲ್ಯಾಶಿನ ಬಿಳಿ ಉಂಡೆ, ಸುತ್ತ ಕಿತ್ತಳೆ ಬಣ್ಣದ ಮಬ್ಬು. ಡಿಸ್ಕ್ (ಕಣ್ಣಿನ ನರ ಸೇರುವ ಜಾಗ) ಎಲ್ಲಿದೆ ಅಂತ ನಾನೇ ಬೆರಳಿಟ್ಟು ತೋರಿಸಬೇಕಾಯಿತು. ಈಗ ಅದೇ ಡಾಕ್ಟರು ತಮ್ಮ ಟ್ರೈನಿಗಳನ್ನು ಕಲಿಯಲು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಎಲ್ಲ ಶುರುವಾದದ್ದು ದುಡ್ಡಿನಿಂದ. ಟೇಬಲ್ ಮೇಲಿಡುವ ಫಂಡಸ್ ಕ್ಯಾಮೆರಾಕ್ಕೆ ಕೊಟೇಶನ್ ತರಿಸಿದೆ. ನಮ್ಮ ಕಣ್ಣಿನ ಕ್ಲಿನಿಕ್ಕಿನ ಎರಡು ವರ್ಷದ ಉಳಿತಾಯ ಒಂದೇ ಏಟಿಗೆ ಹೋಗುತ್ತಿತ್ತು. ರೆಟಿನಾದ ಪದರಗಳನ್ನು ಸ್ಕ್ಯಾನ್ ಮಾಡುವ ಓಸಿಟಿ ಯಂತ್ರದ ಮಾತಂತೂ ಎತ್ತುವ ಹಾಗೇ ಇಲ್ಲ. ಆದರೆ ರೆಟಿನಾ ಕೆಡಬಹುದಾದ ಸಕ್ಕರೆ ಕಾಯಿಲೆಯವರು ದಿನಾ ಬರುತ್ತಾರೆ, ಅವರಿಗೆ "ಎಲ್ಲೋ ಹೋಗಿ ರೆಟಿನಾ ಫೋಟೋ ತೆಗೆಸಿ" ಅಂದರೆ ಅರ್ಧಕ್ಕರ್ಧ ಜನ ಹೋಗುವುದೇ ಇಲ್ಲ. ಡ್ರಾಯರಿನಲ್ಲಿ 20 ಡಿ ಲೆನ್ಸು (ಕಣ್ಣಿನ ಮುಂದೆ ಹಿಡಿದು ರೆಟಿನಾ ನೋಡುವ ಕೈಲೆನ್ಸು) ಇತ್ತು, ಜೇಬಲ್ಲಿ ಫೋನಿತ್ತು.

ಮೊದಲ ಎರಡು ತಿಂಗಳು ಹಾಳಾದದ್ದು ಸ್ಟಿಲ್ ಫೋಟೋ ತೆಗೆಯಲು ಹೋಗಿ. ಫ್ಲ್ಯಾಶ್ ಹೊಡೆಯುವ ಹೊತ್ತಿಗೆ ಕಣ್ಣು ಮಿಟುಕಿರುತ್ತದೆ, ಇಲ್ಲವೇ ನನ್ನ ಕೈ ಅಲುಗಿರುತ್ತದೆ. ವೀಡಿಯೊಗೆ ಬದಲಾಯಿಸಿದ ದಿನ ಅರ್ಧ ಸಮಸ್ಯೆ ಮುಗಿಯಿತು. ಸೆಕೆಂಡಿಗೆ 30 ಫ್ರೇಮು. ಅರ್ಧ ನಿಮಿಷ ತೆಗೆದರೆ 900 ಚಿತ್ರ, ಅದರಲ್ಲಿ ನಾಲ್ಕೈದು ಚೆನ್ನಾಗಿದ್ದರೆ ಸಾಕು. ಫ್ಲ್ಯಾಶ್ ಸದಾ ಉರಿಯುತ್ತಿರಬೇಕು, ಅದರ ಮೇಲೆ ಮೈಕ್ರೋಪೋರ್ ಟೇಪು ಅಂಟಿಸಿ. ನಾನು ಒಂದು ಪದರದಿಂದ ಶುರು ಮಾಡಿ ಈಗ ಮೂರಕ್ಕೆ ಬಂದಿದ್ದೇನೆ. ಪೇಷಂಟು ಕಣ್ಣು ಬಿಟ್ಟುಕೊಂಡು ಕೂರುತ್ತಾರೆ, ಡಿಸ್ಕ್ ಕೂಡ ಬೆಳ್ಳಗೆ ಸುಟ್ಟಂತೆ ಕಾಣುವುದಿಲ್ಲ.

ಲೆನ್ಸು ಕಣ್ಣಿನಿಂದ ಸುಮಾರು 5 ಸೆಂಟಿಮೀಟರ್, ಕಿರುಬೆರಳು ಪೇಷಂಟಿನ ಹಣೆಯ ಮೇಲೆ ಊರಿರಬೇಕು. ಫೋನು ಅಲ್ಲಿಂದ ಒಂದಡಿಗಿಂತ ಸ್ವಲ್ಪ ಹಿಂದೆ. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡದೆ ಕೈ ಹಾಕಲೇಬೇಡಿ. ಲೆನ್ಸಿನ ಎರಡು ಮೈಯಿಂದಲೂ ಬರುವ ಗ್ಲೇರಿಗೆ ಲೆನ್ಸನ್ನು ತುಸು ಓರೆ ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಓರೆ, ಯಾವ ಕ್ಷಣದಲ್ಲಿ ಅನ್ನುವುದರಲ್ಲಿ ಒಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಟ್ರೈನಿಗಳಿಗೆ ಮಾತ್ರ. ಆಂಗಲ್ (ಕಣ್ಣೊಳಗಿನ ನೀರು ಹೊರಹೋಗುವ ಮೂಲೆ) ನೋಡದೆ ಟ್ರೋಪಿಕಮೈಡ್ (ಪಾಪೆ ಹಿಗ್ಗಿಸುವ ಡ್ರಾಪ್ಸ್) ಹಾಕಬಾರದು ಅಂತ ನಿಮಗೆ ಹೇಳುವ ಅಗತ್ಯವಿಲ್ಲ.

ಎರಡನೇ ಏಟು ಬಿದ್ದದ್ದು ಹೊಸ ಫೋನು ಕೊಂಡಾಗ. ಮೂರು ಕ್ಯಾಮೆರಾ, ಕಂತಿನಲ್ಲಿ. ಫ್ಲ್ಯಾಶ್ ಕ್ಯಾಮೆರಾದಿಂದ ಬೆರಳಗಲ ದೂರ, ಹಾಗಾಗಿ ಪಾಪೆಯೊಳಗೆ ಬೆಳಕು ಹೋದರೂ ಚಿತ್ರ ಅರ್ಧಚಂದ್ರ. ಜೊತೆಗೆ ಹತ್ತಿರ ಒಯ್ದರೆ ಅದು ತಾನೇ ಬೇರೆ ಕ್ಯಾಮೆರಾಕ್ಕೆ ಜಿಗಿಯುತ್ತದೆ. ಕಂತು ಕಟ್ಟುತ್ತಲೇ ಹಳೇ ಫೋನಿಗೆ ವಾಪಸು ಬಂದೆ. ಒಂದೇ ಕ್ಯಾಮೆರಾ, ಪಕ್ಕದಲ್ಲೇ ಫ್ಲ್ಯಾಶ್. ಅದೇ ಬೇಕಾದದ್ದು.

ಮೂರನೆಯದು ನಾಚಿಕೆಗೇಡು. ಇಂಡೈರೆಕ್ಟಿನಲ್ಲಿ, ಅಂದರೆ ಹೀಗೆ ಲೆನ್ಸಿನ ಮೂಲಕ ನೋಡುವಾಗ, ಚಿತ್ರ ತಲೆಕೆಳಗೂ ಹೌದು, ಎಡಬಲವೂ ಅದಲುಬದಲು. ಪೂರ್ತಿ 180 ಡಿಗ್ರಿ ತಿರುಗಿಸಬೇಕಾದಲ್ಲಿ ನಾನು ಬರೀ ಮೇಲೆಕೆಳಗೆ ಮಗುಚಿ ಕಳಿಸುತ್ತಿದ್ದೆ. ಬಲಗಣ್ಣೆಲ್ಲ ಎಡಗಣ್ಣಾಯಿತು, ಎಡಗಣ್ಣೆಲ್ಲ ಬಲಗಣ್ಣಾಯಿತು. "ಡಿಸ್ಕ್ ಮೂಗಿನ ಕಡೆ ಇರಬೇಕಲ್ಲಪ್ಪ, ನಿನ್ನ ಪೇಷಂಟಿನ ಕಣ್ಣುಗಳೇ ಅದಲುಬದಲಾ?" ಅಂತ ಫೋನು ಬಂತು. ಫೈಲಿಗೆ ಯಾವ ಕಣ್ಣು ಅಂತ ಹೆಸರೂ ಹಾಕಿರಲಿಲ್ಲ. ಸುಮಾರು ನಲವತ್ತು ಜನರನ್ನು ವಾಪಸು ಕರೆಸಿ, ಕೈಯಿಂದ ಡ್ರಾಪ್ಸಿನ ಖರ್ಚು ಹಾಕಿಕೊಂಡು ಮತ್ತೆ ತೆಗೆದೆ. ಈಗ ವೀಡಿಯೊ ಶುರುವಾಗುವ ಮುಂಚೆ "ಬಲಗಣ್ಣು" ಅಂತ ಬಾಯಲ್ಲೇ ಹೇಳಿಬಿಡುತ್ತೇನೆ, ಅದು ರೆಕಾರ್ಡಾಗಿರುತ್ತದೆ.

ಆಮೇಲೆ ಡಾಕ್ಟರೇ ಪರೀಕ್ಷೆ ಇಟ್ಟರು. ಅರವತ್ತರ ಹತ್ತಿರ ಕಣ್ಣುಗಳಿಗೆ ನನ್ನ ಫೋನಿನ ಚಿತ್ರ, ಅವರ ಕ್ಯಾಮೆರಾದ ಚಿತ್ರ, ಎರಡೂ. ರೆಫರ್ ಮಾಡಬೇಕೋ ಬೇಡವೋ ಅನ್ನುವುದರಲ್ಲಿ ನೆನಪಿದ್ದಂತೆ ಐವತ್ತಕ್ಕೂ ಹೆಚ್ಚು ತಾಳೆಯಾದವು. ಉಳಿದದ್ದರಲ್ಲಿ ಹೆಚ್ಚಿನವು ದಟ್ಟ ಪೊರೆಯ ಕಣ್ಣುಗಳು. ಅಲ್ಲಿ ಅವರ ಕ್ಯಾಮೆರಾವೂ ಮಂಕೇ. ಆವತ್ತು ಚಂದ್ರನ ಮಾತು ಬರಲಿಲ್ಲ.

ನಡುವೆ ಒಂದು ಆಟ ಆಡಿದೆ, ಅದು ಉಪಯೋಗಕ್ಕೆ ಬಂತು. ಒಳ್ಳೆಯ ಫ್ರೇಮಿನಿಂದ ಹಸಿರು ಚಾನೆಲ್ ಮಾತ್ರ ಉಳಿಸಿ ಕಪ್ಪುಬಿಳುಪು ಮಾಡಿ ನೋಡಿ. ರಕ್ತ ಹಸಿರನ್ನು ಹೀರುವುದರಿಂದ ಸಣ್ಣ ರಕ್ತಸ್ರಾವ, ಮೈಕ್ರೋಅನ್ಯೂರಿಸಮ್ (ಸಣ್ಣ ರಕ್ತನಾಳದ ಉಬ್ಬು) ಸಾಸಿವೆ ಚೆಲ್ಲಿದಂತೆ ಕಪ್ಪಗೆ ಎದ್ದು ನಿಲ್ಲುತ್ತವೆ. ಬಣ್ಣದ ಚಿತ್ರದಲ್ಲಿ "ಏನೂ ಇಲ್ಲ" ಅಂದುಕೊಂಡಿದ್ದ ಒಂದೆರಡು ಕಣ್ಣುಗಳಲ್ಲಿ ಚುಕ್ಕೆ ಸಿಕ್ಕಿದ್ದು ಹೀಗೆ. ಡ್ರಾಪ್ಸ್ ಹಾಕದೆ, ಕತ್ತಲೆ ಕೋಣೆಯಲ್ಲಿ 28 ಡಿ ಲೆನ್ಸಿನಿಂದಲೂ ಪ್ರಯತ್ನಿಸಿದೆ. ವಯಸ್ಸಾದ ಮಧುಮೇಹಿಗಳ ಪುಟ್ಟ ಪಾಪೆಯಲ್ಲಿ ದಂಡ.

ಫೋನಿನ ಮಿತಿ ಗೊತ್ತಾದದ್ದು ಒಬ್ಬರು ಮೇಷ್ಟ್ರ ಕಣ್ಣಲ್ಲಿ. ದೃಷ್ಟಿ 6/9, ಅಂದರೆ ಮಾಮೂಲಿಗಿಂತ ತುಸುವೇ ಕಡಿಮೆ, ದೂರೇನೂ ಇಲ್ಲ. ಚಿತ್ರದಲ್ಲಿ ಮ್ಯಾಕ್ಯುಲಾದ (ನೇರ ನೋಟದ ನಡುಜಾಗ) ಪಕ್ಕ ಹಳದಿ ಎಕ್ಸುಡೇಟುಗಳು (ರಕ್ತನಾಳದಿಂದ ಸೋರಿ ಉಳಿದ ಕೊಬ್ಬು) ಮುರಿದ ಬಳೆಯಂತೆ ಕೂತಿದ್ದವು. ಊತವಿದೆಯೋ ಇಲ್ಲವೋ ಅನ್ನುವುದು ಚಪ್ಪಟೆ ಚಿತ್ರದಲ್ಲಿ ತಿಳಿಯುವುದಿಲ್ಲ. ಓಸಿಟಿಗೆ ಕಳಿಸಿದೆ. ಮೊದಲ ಸ್ಕ್ಯಾನಿನಲ್ಲಿ ಸಿಗ್ನಲ್ (ಸ್ಕ್ಯಾನಿನ ಗುಣಮಟ್ಟ) 10ಕ್ಕೆ 4, ಕಾರಣ ಒಣಗಣ್ಣು. ಕೃತಕ ಕಣ್ಣೀರು ಹಾಕಿಸಿ ಎರಡು ಸಲ ಮಿಟುಕಿಸಿ ಎಂದು ಅಲ್ಲಿಯ ಟೆಕ್ನಿಷಿಯನ್ನಿಗೆ ನಾನೇ ಹೇಳಿದೆ, 7ಕ್ಕೆ ಏರಿತು. ರೆಟಿನಾದ ನಡುಭಾಗದ ದಪ್ಪ 400 ಮೈಕ್ರಾನಿನ ಹತ್ತಿರ. ಇರಬೇಕಾದದ್ದು 250ರ ಆಸುಪಾಸು. ಪದರಗಳ ನಡುವೆ ಕಪ್ಪು ಗುಳ್ಳೆಗಳಂತೆ ನೀರು. ಒಂದು ವಾರದೊಳಗೆ ಇಂಜೆಕ್ಷನ್ ಶುರುವಾಯಿತು.

ಹಾಗಂತ ಓಸಿಟಿ ಪ್ರಿಂಟನ್ನು ವೇದವಾಕ್ಯ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಮೈನಸ್ 8 ಪವರಿನ ಹುಡುಗಿಯೊಬ್ಬಳ ನರಪದರ ಪ್ರಿಂಟಿನಲ್ಲಿ ಕೆಂಪಗೆ (ತೆಳುವಾಗಿದೆ ಅನ್ನುವ ಗುರುತು) ಬಂದಿದೆ ಅಂತ ಯಾರೋ ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಡ್ರಾಪ್ಸ್ ಬರೆದಿದ್ದರು. ಯಂತ್ರ ಹೋಲಿಸುವುದು ಮಾಮೂಲಿ ಕಣ್ಣುಗಳ ಅಂಕಿಗಳಿಗೆ. ಇಂಥ ಹೆಚ್ಚು ಮೈನಸ್ಸಿನ ಉದ್ದನೆಯ ಕಣ್ಣಲ್ಲಿ ನರದೆಳೆಯ ಕಟ್ಟುಗಳು ಮ್ಯಾಕ್ಯುಲಾದ ಕಡೆ ಸರಿದಿರುತ್ತವೆ, ಅದಕ್ಕೆ ಅದೇನು ಮಾಡೀತು? ಡಾಕ್ಟರು ಕಣ್ಣಿನ ಒತ್ತಡ, ಫೀಲ್ಡ್ (ಸುತ್ತಲಿನ ನೋಟದ ಪರೀಕ್ಷೆ) ಎರಡನ್ನೂ ಮತ್ತೆ ನೋಡಿದರು, ಎರಡೂ ಸರಿ. ಡ್ರಾಪ್ಸ್ ಅವರೇ ನಿಲ್ಲಿಸಿದರು. ಆರಾರು ತಿಂಗಳಿಗೆ ನನ್ನ ಫೋನಲ್ಲಿ ಅವಳ ಡಿಸ್ಕಿನ ಚಿತ್ರ ತೆಗೆದು ಹಳೆಯದರ ಪಕ್ಕ ಇಡುತ್ತಿದ್ದೇನೆ. ಇನ್ನೂ ಬದಲಾಗಿಲ್ಲ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಟೇಪು, ಡ್ರಾಪ್ಸು, ಒಂದು ಮೆಮೊರಿ ಕಾರ್ಡು, ಮತ್ತೆ ಮೂಲೆ ಸೇರಿದ ಆ ಹೊಸ ಫೋನಿನ ಕಂತು. ಸದ್ಯದ ಚಿಂತೆ ಬೇರೆ: ಹಳೇ ಫೋನಿನ ಬ್ಯಾಟರಿ ಉಬ್ಬಲು ಶುರುವಾಗಿದೆ, ಆ ಮಾಡೆಲ್ ಈಗ ಎಲ್ಲೂ ಸಿಗುತ್ತಿಲ್ಲ. ಯಾರದ್ದಾದರೂ ಮನೆಯ ಡ್ರಾಯರಿನಲ್ಲಿ ಒಂದೇ ಕ್ಯಾಮೆರಾದ, ಪಕ್ಕದಲ್ಲೇ ಫ್ಲ್ಯಾಶ್ ಇರುವ ಹಳೇ ಫೋನು ಬಿದ್ದಿದ್ದರೆ ಎಸೆಯಬೇಡಿ.