ನ್ಯೂಯಾರ್ಕಿನಲ್ಲಿ ಮದುವೆ ಮಾಡಿಸುವ ಪಾಸ್ಟರ್ ಆದೆ: ನನ್ನ ಅನುಭವ

ಸೆಮಿನರಿ, ಅಂದರೆ ಪಾಸ್ಟರ್ ಆಗಲು ಕಲಿಸುವ ಕಾಲೇಜು, ಓದದವನು ಕಾನೂನು ಒಪ್ಪುವ ಮದುವೆ ಮಾಡಿಸಲಾರ ಅಂತ ನಮ್ಮ ಕನ್ನಡ ಕ್ರೈಸ್ತ ಬಳಗದಲ್ಲೇ ಬಹಳ ಮಂದಿ ಅಂದಿದ್ದರು. ಈಗ ಅವರ ಮನೆಯ ಮಕ್ಕಳ ಮದುವೆಗೂ ನನ್ನನ್ನೇ ಕರೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಾಸ್ಟರ್ ಅನ್ನಿಸಿಕೊಳ್ಳಲು ಆನ್‌ಲೈನ್ ದೀಕ್ಷೆ ತೆಗೆದುಕೊಂಡೆ. ದೀಕ್ಷೆ ಪುಕ್ಕಟೆ, ಸರ್ಟಿಫಿಕೇಟು, ಪತ್ರ, ಅಂಚೆ ಸೇರಿ ಅರವತ್ತೋ ಎಪ್ಪತ್ತೋ ಡಾಲರ್ ಹೋಯಿತು. ಒಪ್ಪಿಕೊಂಡ ಮೊದಲ ಮದುವೆಯೇ ಕೈತಪ್ಪಿತು. ಹುಡುಗಿಯ ಸೋದರಮಾವ ವಕೀಲರು. ನ್ಯೂಯಾರ್ಕಿನ ಮೇಲ್ಮನವಿ ಕೋರ್ಟೊಂದರ 1989ರ ರನಿಯೆರಿ ತೀರ್ಪು ತಂದು ಮುಂದಿಟ್ಟರು. ಹೀಗೇ ಸುಲಭವಾಗಿ ದೀಕ್ಷೆ ಕೊಡುವ ಯೂನಿವರ್ಸಲ್ ಲೈಫ್ ಚರ್ಚಿನಿಂದ ದೀಕ್ಷೆ ಪಡೆದವರು ಮಾಡಿಸಿದ ಮದುವೆಯನ್ನು ಆ ತೀರ್ಪು ಮಾನ್ಯ ಮಾಡಿಲ್ಲ, ನ್ಯೂಯಾರ್ಕ್ ನಗರದ ನಮ್ಮ ಕ್ವೀನ್ಸ್ ಭಾಗ ಅದೇ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಆಮೇಲೆ ಒಂದು ದೊಡ್ಡ ಕ್ರೈಸ್ತ ಪಂಗಡದವರನ್ನು ದೀಕ್ಷೆ ಕೊಡುತ್ತೀರಾ ಅಂತ ಕೇಳಿದೆ. ಮೂರು ವರ್ಷದ ಎಂ.ಡಿವ್. (ಸೆಮಿನರಿಯ ಸ್ನಾತಕೋತ್ತರ ಪದವಿ) ಮುಗಿಸಿ ಬನ್ನಿ ಅಂದರು. ಫೀಸು ನೋಡಿ ಕೈಬಿಟ್ಟೆ.

ಕೊನೆಗೆ ದಾರಿ ಸಿಕ್ಕಿದ್ದು ನಾನು ಭಾನುವಾರ ಕನ್ನಡ ಪ್ರಾರ್ಥನೆ ನಡೆಸುತ್ತಿದ್ದ ಸಣ್ಣ ಸ್ವತಂತ್ರ ಸಭೆಯಲ್ಲೇ. ಪಾಸ್ಟರಿಗೆ ತನ್ನ ಸಭೆಯ ನಿಯಮದ ಪ್ರಕಾರ ಅಧಿಕಾರ ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ನಮ್ಮ ಸಭೆಗೆ ದೀಕ್ಷೆಯ ನಿಯಮವೇ ಇರಲಿಲ್ಲ. ಬೈಲಾ ಬರೆಸಿದೆವು, ಕಮಿಟಿಯಲ್ಲಿ ಠರಾವು ಪಾಸಾಯಿತು, ಆರಾಧನೆಯಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಎಲ್ಲವೂ ನಡವಳಿ ಪುಸ್ತಕಕ್ಕೆ ಏರಿತು. ವಕೀಲರಿಗೆ ನಾನೂರು ಚಿಲ್ಲರೆ ಡಾಲರ್, ನೋಟರಿ, ಓಡಾಟ ಸೇರಿ ಆರುನೂರರ ಆಸುಪಾಸು. 141 ವರ್ತ್ ಸ್ಟ್ರೀಟಿನ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಮದುವೆ ಮಾಡಿಸುವವನಾಗಿ ನೋಂದಣಿಗೆ 15 ಡಾಲರ್. ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ ಅಂದವರಿದ್ದರು, ಒಂದು ಪ್ರಶ್ನೆಯೂ ಬರಲಿಲ್ಲ.

ಒಬ್ಬ ಗೆಳೆಯನ ಮದುವೆ ಮಾಡಿಸಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಡ. 2023ರ ಮಾರ್ಚಿನಿಂದ 25 ಡಾಲರಿಗೆ ಮದುವೆ ಮಾಡಿಸುವ ಒಂದು ದಿನದ ಲೈಸೆನ್ಸು ಕೊಡುತ್ತಾರೆ.

ಕನ್ನಡದ ಪ್ರಯೋಗವನ್ನೂ ಮಾಡಿದೆ. ಇಂಥದೇ ವಿಧಿ ಆಗಬೇಕು ಅಂತ ನ್ಯೂಯಾರ್ಕಿನಲ್ಲಿ ಕಟ್ಟುಪಾಡಿಲ್ಲ. ಪಾಸ್ಟರ್ ಮತ್ತು ಸಾಕ್ಷಿಯ ಎದುರು ಇಬ್ಬರೂ ಒಪ್ಪಿದ್ದೇವೆ ಅಂತ ಸಾರಬೇಕು, ಅಷ್ಟೆ. ಮೊದಮೊದಲು ಪ್ರತಿ ಮಾತನ್ನೂ ಎರಡು ಭಾಷೆಯಲ್ಲಿ ಹೇಳಿಸಿ ಮುಕ್ಕಾಲು ಗಂಟೆ ಎಳೆದೆ, ಅಮೆರಿಕದ ಬೀಗರು ಕೂತಲ್ಲೇ ಚಡಪಡಿಸಿದರು. ಈಗ ಪ್ರಮಾಣ ಇಂಗ್ಲಿಷಿನಲ್ಲಿ, ಬೈಬಲಿನ ಪ್ರೀತಿಯ ಅಧ್ಯಾಯ 1 ಕೊರಿಂಥ 13 ಮತ್ತು ತಾಳಿಯ ಪ್ರಾರ್ಥನೆ ಕನ್ನಡದಲ್ಲಿ. ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಅಜ್ಜಿಯರಿಗೂ ಸಮಾಧಾನ. ಬೀಚಿನಲ್ಲಿ ಕಾಲರ್ ಮೈಕು ನಂಬಬೇಡಿ, ಗಾಳಿಯ ಸದ್ದೇ ಕೇಳುತ್ತದೆ. ಸ್ಪಂಜು ಹಾಕಿದ ಕೈಮೈಕೇ ಸರಿ.

ಮದುಮಕ್ಕಳು ಮೊದಲೇ ಪಡೆದು ತರುವ ಮದುವೆ ಲೈಸೆನ್ಸಿನ ಮೇಲೆ ಬರೆದ ದಿನ, ಗಂಟೆಯನ್ನು ನಾನೇ ಓದುತ್ತೇನೆ. ಅದು ಸಿಕ್ಕ ಮೇಲೆ 24 ಗಂಟೆ ಕಳೆಯದೆ ಮದುವೆ ಮಾಡಿಸುವಂತಿಲ್ಲ, 60 ದಿನ ದಾಟಿದರೆ ಅದು ನಡೆಯುವುದಿಲ್ಲ. ಒಬ್ಬರು ಶುಕ್ರವಾರ ಮೂರೂವರೆಗೆ ಲೈಸೆನ್ಸು ಮಾಡಿಸಿ ಶನಿವಾರ ಎರಡಕ್ಕೆ ಹಾಲ್ ಹಿಡಿದಿದ್ದರು. ಊಟ ಮೊದಲು ಬಡಿಸಲು ಹೇಳಿ, ಕೀರ್ತನೆ ಹಾಡಿಸಿ, ಮೂರೂವರೆ ದಾಟಿದ ಮೇಲೇ ಪ್ರಮಾಣ ಹೇಳಿಸಿದೆ. ಆ ಮನೆಯವರೇ ಆಮೇಲೆ ಇನ್ನೆರಡು ಮದುವೆ ತಂದುಕೊಟ್ಟರು.

ಮದುವೆಗೆ ಇನ್ನೂರೈವತ್ತು, ಮುನ್ನೂರು ಡಾಲರ್ ಕೊಡುತ್ತಾರೆ, ಸಭೆಯವರಿಂದ ತೆಗೆದುಕೊಳ್ಳುವುದಿಲ್ಲ. ಸಹಿಯಾದ ಲೈಸೆನ್ಸು 5 ದಿನದೊಳಗೆ ಕ್ಲರ್ಕ್ ಕಚೇರಿ ಸೇರಬೇಕು. ಅದನ್ನು ಮದುಮಕ್ಕಳ ಕೈಗೆ ಕೊಡದೆ, ಫೋಟೊ ತೆಗೆದಿಟ್ಟುಕೊಂಡು, ಸೋಮವಾರ ಬೆಳಿಗ್ಗೆ ನಾನೇ ಅಂಚೆಗೆ ಹಾಕುತ್ತೇನೆ.