ಮಳೆ, ಕೊನೆಕೊಯ್ಲು, ಕಡೇ ಬಸ್ಸು: ಮಲೆನಾಡಿನಲ್ಲಿ ಓದುಬಳಗ ನಡೆಸುವ ಬಗೆ

ತೀರ್ಥಹಳ್ಳಿಯ ನಮ್ಮ ಓದುಬಳಗವು ಫೆಬ್ರವರಿಯಲ್ಲಿ 22 ಜನರೊಂದಿಗೆ ಆರಂಭವಾಗಿ, ಜುಲೈ ಹೊತ್ತಿಗೆ ಮೂವರಿಗೆ ಇಳಿದು, ಯಾರೂ ಹೇಳದೆ ಕೇಳದೆ ನಿಂತುಹೋಯಿತು. ಜನರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ನಾವು ಆಗ ನೊಂದುಕೊಂಡೆವು. ಎರಡನೆಯ ಸಲ ಆರಂಭಿಸುವ ಮುನ್ನ ಬಿಟ್ಟುಹೋದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದಾಗ ತಿಳಿದದ್ದೇ ಬೇರೆ. ಅವರಲ್ಲಿ ಹೆಚ್ಚಿನವರು ಪುಸ್ತಕವನ್ನು ಓದಿಯೇ ಇದ್ದರು. ಆದರೆ ಸಂಜೆ 5 ಗಂಟೆಗೆ ಇಟ್ಟ ಕೂಟ ಮುಗಿಯುವಷ್ಟರಲ್ಲಿ ಅವರೂರಿನ ಕಡೇ ಬಸ್ಸು ಹೊರಟುಹೋಗಿರುತ್ತಿತ್ತು, ಮಳೆ ಹಿಡಿದ ಮೇಲಂತೂ ಹಳ್ಳ ದಾಟಿ ಬರುವುದೇ ಆಗುತ್ತಿರಲಿಲ್ಲ.

ಆದ್ದರಿಂದ ಪುಸ್ತಕಗಳ ಪಟ್ಟಿಗಿಂತ ಮೊದಲು ಸದಸ್ಯರ ಊರುಗಳ ಪಟ್ಟಿ ಮಾಡಿ, ಎಲ್ಲರಿಗಿಂತ ದೂರದವರ ಬಸ್ಸಿನ ವೇಳೆಗೆ ಹೊಂದುವಂತೆ ಕೂಟದ ಸಮಯವನ್ನು ನಿಗದಿ ಮಾಡಬೇಕು. ನಮ್ಮಲ್ಲಿ ಈಗ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ 2.30ಕ್ಕೆ ಆರಂಭವಾದ ಮಾತು 4 ಗಂಟೆಗೆ ಮುಗಿಯುತ್ತದೆ. ಮಾತು ಎಷ್ಟೇ ಬಿಸಿಯಾಗಿದ್ದರೂ ಮುಗಿಯಲೇಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಮೊದಲೇ ಕೇಳಿಕೊಂಡರೆ ಒಳ್ಳೆಯ ಜಾಗವಾಗಬಲ್ಲದು.

ವರ್ಷದ ಲೆಕ್ಕವನ್ನೂ ಮಲೆನಾಡಿನ ಲೆಕ್ಕದಂತೆಯೇ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಓಡಾಟ ಕಡಿಮೆ, ಓದು ಹೆಚ್ಚು. ದಪ್ಪ ಕಾದಂಬರಿಗೆ ಇದೇ ಕಾಲ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಒಂದೇ ತಿಂಗಳಲ್ಲಿ ಮುಗಿಸಿ ಬನ್ನಿರೆಂದರೆ ಅರ್ಧದಷ್ಟು ಜನ ಓದಿಲ್ಲವೆಂಬ ನಾಚಿಕೆಯಿಂದಲೇ ಮನೆಯಲ್ಲಿ ಉಳಿಯುತ್ತಾರೆ. ಅದನ್ನೇ ನಾಲ್ಕು ಭಾಗ ಮಾಡಿ, ಮಳೆಗಾಲದುದ್ದಕ್ಕೂ ಅಕ್ಕಪಕ್ಕದ ಮನೆಗಳ ನಾಲ್ಕೈದು ಜನ ಸೇರಿ ಮಾತಾಡಿಕೊಂಡು, ಮಳೆ ಕಳೆದ ಮೇಲೆ ಎಲ್ಲರೂ ಒಮ್ಮೆ ಕೂಡುವಂತೆ ಏರ್ಪಡಿಸಿದರೆ ಪುಸ್ತಕವೂ ಮುಗಿಯುತ್ತದೆ, ಬಳಗವೂ ಉಳಿಯುತ್ತದೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಆರಂಭವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲವಾದ್ದರಿಂದ ಆ ತಿಂಗಳುಗಳಿಗೆ ಒಂದೊಂದು ಸಣ್ಣಕತೆ ಸಾಕು. ಅದನ್ನು ಮನೆಯಲ್ಲಿ ಓದಿ ಬರುವ ಅಗತ್ಯವೂ ಇಲ್ಲ. ಒಂದು ವರ್ಷ ನಾವು ಸದಸ್ಯರೊಬ್ಬರ ಅಂಗಳದಲ್ಲಿ, ಅಡಿಕೆ ಸುಲಿಯುತ್ತಿದ್ದವರ ನಡುವೆಯೇ ಕುಳಿತು ಕತೆಯನ್ನು ಗಟ್ಟಿಯಾಗಿ ಓದಿದೆವು. ಸುಲಿಯಲು ಬಂದವರಲ್ಲಿ ಇಬ್ಬರು ಮುಂದಿನ ತಿಂಗಳಿಂದ ಬಳಗಕ್ಕೇ ಸೇರಿದರು. ಗಟ್ಟಿ ಓದು ಈ ಸೀಮೆಗೆ ಹೊಸತಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ; ಓದುವವರು ಮತ್ತು ವಿವರಿಸುವವರು ಬೇರೆ ಬೇರೆಯಾಗಿರುವ ಆ ಕ್ರಮವನ್ನು ಗದ್ಯಕ್ಕೂ ಧಾರಾಳವಾಗಿ ಬಳಸಬಹುದು.

ಬಳಗವನ್ನು ಕೊಲ್ಲುವ ಇನ್ನೊಂದು ಸಂಗತಿ ಭಾಷಣ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆ ತಾವಾಗಿಯೇ ಹುಟ್ಟಿಕೊಳ್ಳುತ್ತವೆ, ನಿವೃತ್ತ ಮೇಷ್ಟರೊಬ್ಬರಿದ್ದರಂತೂ ಮುಕ್ಕಾಲು ಗಂಟೆ ಅವರದ್ದೇ. (ನಾನೂ ನಿವೃತ್ತ ಮೇಷ್ಟರೇ ಆದ್ದರಿಂದ ಈ ಮಾತನ್ನು ಹೇಳುವ ಹಕ್ಕು ನನಗಿದೆ.) ಇದನ್ನು ತಪ್ಪಿಸಲು ಕುರ್ಚಿಗಳನ್ನು ಸುತ್ತಲೂ ಹಾಕಿ, ಪ್ರತಿಯೊಬ್ಬರೂ ತಾವು ಗುರುತು ಮಾಡಿಕೊಂಡ ಒಂದು ಭಾಗವನ್ನು ಮಾತ್ರ ಓದಿ, ಅದನ್ನೇ ಏಕೆ ಆರಿಸಿದೆವೆಂದು 3 ನಿಮಿಷದಲ್ಲಿ ಹೇಳುವಂತೆ ಮಾಡಬೇಕು. ಪುಸ್ತಕ ಹಿಡಿಸದವರಿಗೆ ಮೊದಲ ಸರದಿ ಕೊಡುವುದು ಒಳ್ಳೆಯದು. ಹತ್ತು ಜನ ಹೊಗಳಿದ ಮೇಲೆ ಹನ್ನೊಂದನೆಯವರು ತಮಗೆ ಬೇಸರವಾಯಿತೆಂದು ಹೇಳುವುದಿಲ್ಲ.

ಪುಸ್ತಕ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂಬ ಉತ್ತರದೊಂದಿಗೆ ಮಾತು ಮುಗಿಯುತ್ತದೆ. ಪ್ರಶ್ನೆಯು ಸದಸ್ಯರ ಬದುಕನ್ನು ಎಲ್ಲಾದರೂ ಮುಟ್ಟಬೇಕು. ನಾವು ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಆರಿಸಿದಾಗ, ಅಣೆಕಟ್ಟೆಯಿಂದಾಗಿ ಏರುತ್ತಿರುವ ನೀರಿನ ನಡುವೆ ಮನೆ ಬಿಡದವರು ಮಾಡಿದ್ದು ಸರಿಯೇ ಎಂಬ ಒಂದೇ ಪ್ರಶ್ನೆಯನ್ನು ಮೊದಲೇ ಕಳಿಸಿದ್ದೆವು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದಾಗಿ ಊರು ಬಿಟ್ಟುಬಂದ ಅಜ್ಜಿಯೊಬ್ಬರು ಮೊಮ್ಮಗಳೊಂದಿಗೆ ಬಂದಿದ್ದರು. ಅವರು ಪುಸ್ತಕದ ಹತ್ತು ಪುಟವನ್ನೂ ಓದಿರಲಿಲ್ಲ. ಆದರೆ ಹೊರಡುವ ದಿನ ಕೊಟ್ಟಿಗೆಯ ದನಗಳು ಹೇಗೆ ಕಾಲೆಳೆದವೆಂದು ಅವರು ಹೇಳತೊಡಗಿದಾಗ, ಅದುವರೆಗೆ ಸರಿ ತಪ್ಪುಗಳನ್ನು ತೂಗುತ್ತಿದ್ದ ನಾವೆಲ್ಲ ಸುಮ್ಮನಾಗಿ, ಕಾದಂಬರಿಯ ಪುಟಗಳನ್ನು ಮತ್ತೆ ತಿರುವಿ ನೋಡಬೇಕಾಯಿತು. ಓದದೆ ಬಂದವರನ್ನು ಹೊರಗಿಡಬಾರದೆಂಬ ನಿಯಮ ಅಂದಿನಿಂದ ನಮ್ಮಲ್ಲಿದೆ. ಮುಂದಿನ ತಿಂಗಳು ಅದೇ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು 2002ರಲ್ಲಿ ಮಾಡಿದ ಚಿತ್ರವನ್ನು ನೋಡಿ, ಅವರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಚರ್ಚಿಸಿದೆವು. ಹೀಗೆ ಒಂದು ಪುಸ್ತಕ ಎರಡು ತಿಂಗಳಿಗೆ ಒದಗಿತು.

ಪ್ರತಿಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಐದಾರು ಪ್ರತಿ ಕೊಂಡು ಸರದಿಯಲ್ಲಿ ಓದಿದರೆ 15 ಜನರಿಗೆ ಸಾಕು, ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇರುವಾಗಲೇ ಮುಂದಿನ ವರ್ಷದ ಪುಸ್ತಕಗಳನ್ನು ಕೊಂಡರೆ ಖರ್ಚು ಹಗುರಾಗುತ್ತದೆ. ಮಳೆಗಾಲದಲ್ಲಿ ಪುಸ್ತಕದೊಂದಿಗೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಡಿ.

ತಿಂಡಿಯ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಬೇಕು. ಮನೆಗಳಲ್ಲಿ ಕೂಡುತ್ತಿದ್ದಾಗ ನಮ್ಮಲ್ಲಿ ಕಷಾಯ, ಹಲಸಿನ ಹಪ್ಪಳದಿಂದ ಆರಂಭವಾದ ಉಪಚಾರ ನಾಲ್ಕನೆಯ ಮನೆಗೆ ಹೋಳಿಗೆಯವರೆಗೆ ಏರಿ, ಐದನೆಯ ಮನೆಯವರು ಏನೋ ನೆಪ ಹೇಳಿ ಕೂಟವನ್ನೇ ಮುಂದೂಡಿದರು. ಅಡುಗೆಮನೆಯಲ್ಲಿದ್ದ ಹೆಂಗಸರು, ಪುಸ್ತಕ ಓದಿದ್ದರೂ, ಒಂದು ಮಾತನ್ನೂ ಆಡದೆ ಉಳಿದದ್ದು ಅದಕ್ಕಿಂತ ದೊಡ್ಡ ನಷ್ಟ. ಈಗ ಒಂದು ಬಿಸಿ ಪಾನೀಯ, ಒಂದು ಕುರುಕಲು. ಲೋಟ ತೊಳೆಯುವುದು ಬಂದವರ ಪಾಳಿ.

ಎರಡು ತಿಂಗಳು ಬಾರದವರನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೆದುರು ಕೇಳಬಾರದು. ಅವರ ಊರಿನ ಕಡೆಯ ಸದಸ್ಯರೊಬ್ಬರು ಫೋನ್ ಮಾಡಿ, ಯಾಕೆ ಬರಲಿಲ್ಲವೆಂದು ಕೇಳದೆ, ಮುಂದಿನ ಸಲಕ್ಕೆ ಪುಸ್ತಕವನ್ನು ನೀವೇ ಆರಿಸಿಕೊಡಿ ಎಂದು ಕೇಳಬೇಕು. ನಮ್ಮ ಬಳಗದಲ್ಲಿ ಹೀಗೆ ಕೇಳಿಸಿಕೊಂಡವರಲ್ಲಿ ಒಬ್ಬರು ಮಾತ್ರ ಮತ್ತೆ ಬರಲಿಲ್ಲ. ಅವರೂ ಪುಸ್ತಕವನ್ನು ಹೇಳಿ ಕಳಿಸಿದರು.