ರೂಕಿ ರನ್ನಿಂಗ್ ಬ್ಯಾಕ್‌ಗೆ ನಾನು ಬೆಲೆ ಕಟ್ಟುವ ಬಗೆ

ಡಲ್ಲಾಸಿನ ನಮ್ಮ ಗೆಳೆಯರ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ ಹನ್ನೆರಡು ತಂಡಗಳಿವೆ, ಅರ್ಧಕ್ಕಿಂತ ಹೆಚ್ಚು ಕನ್ನಡದವರದೇ. ಆಗಸ್ಟ್ ಬಂತೆಂದರೆ ವಾಟ್ಸಾಪಿನಲ್ಲಿ ಹುರುಪು ಶುರು. ಈಗಷ್ಟೇ ಕಾಲೇಜು ಬಿಟ್ಟು ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಬಂದ ಯಾವನೋ ಹುಡುಗ (ರೂಕಿ ಅನ್ನುವುದು ಇಂಥವನನ್ನೇ) ನಾಲ್ಕು ಜನರನ್ನು ತಪ್ಪಿಸಿಕೊಂಡು ಓಡುವ ವಿಡಿಯೊ, ಅದರ ಕೆಳಗೆ ‘ಈ ಸಲ ಇವನು ನನಗೇ ಕಣ್ರೋ’ ಅಂತ ಒಂದು ಸಾಲು. ವಿಡಿಯೊ ನಾನೂ ನೋಡುತ್ತೇನೆ, ಚೆನ್ನಾಗಿದ್ದರೆ ಎರಡು ಸಲ ನೋಡುತ್ತೇನೆ. ಆದರೆ ನನ್ನ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಮ್ ಇಲ್ಲ.

ಡ್ರೀಮ್11 ಆಡಿದವರಿಗೆ ಅರ್ಧ ವಿಷಯ ಗೊತ್ತೇ ಇರುತ್ತದೆ: ನಿಜವಾದ ಪಂದ್ಯದಲ್ಲಿ ಆಟಗಾರ ಮಾಡಿದ್ದಕ್ಕೆ ನಮಗೆ ಪಾಯಿಂಟ್. ಉಳಿದರ್ಧ ಏನೆಂದರೆ, ಇಲ್ಲಿ ಸೀಸನ್ ಪೂರ್ತಿಗೆ ಒಂದೇ ತಂಡ. ಡ್ರಾಫ್ಟಿನಲ್ಲಿ ಸರದಿ ಪ್ರಕಾರ ಆರಿಸಬೇಕು, ಒಬ್ಬರು ತೆಗೆದುಕೊಂಡ ಆಟಗಾರ ಇನ್ನೊಬ್ಬರಿಗೆ ಸಿಗುವುದಿಲ್ಲ. ನಮ್ಮದು ಪಿಪಿಆರ್ ಲೀಗ್, ಅಂದರೆ ಕ್ಯಾಚಿಗೂ ಪಾಯಿಂಟ್ ಕೊಡುವ ಬಗೆ. ಹತ್ತು ಯಾರ್ಡಿಗೆ ಒಂದು ಪಾಯಿಂಟ್, ಚೆಂಡಿನೊಂದಿಗೆ ಎದುರಾಳಿಯ ಗೋಲ್ ಲೈನ್ ದಾಟುವ ಟಚ್‌ಡೌನ್‌ಗೆ ಆರು, ಎಸೆದ ಚೆಂಡನ್ನು ಹಿಡಿದ ಪ್ರತಿ ಕ್ಯಾಚಿಗೆ ಒಂದು. ಈ ಕೊನೆಯ ನಿಯಮವೇ ರನ್ನಿಂಗ್ ಬ್ಯಾಕ್‌ಗಳ, ಅಂದರೆ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದವರ, ಲೆಕ್ಕವನ್ನು ತಲೆಕೆಳಗು ಮಾಡುವುದು.

ಇಬ್ಬರು ರೂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ನಾಜೀ ಹ್ಯಾರಿಸ್ ಓಡಿದ್ದು 1200 ಯಾರ್ಡ್. 2022ರಲ್ಲಿ ಅಟ್ಲಾಂಟಾ ಫಾಲ್ಕನ್ಸ್‌ನ ಟೈಲರ್ ಆಲ್ಜಿಯರ್ ಓಡಿದ್ದು 1035. ಓಟದಲ್ಲಿ ದೊಡ್ಡ ಅಂತರವೇನೂ ಇಲ್ಲ. ಪ್ರತಿ ಓಟದ ಸರಾಸರಿ ತೆಗೆದರೆ ಆಲ್ಜಿಯರನೇ ಮುಂದೆ. ಹ್ಯಾರಿಸ್ ನಾಲ್ಕು ಯಾರ್ಡನ್ನೂ ಮುಟ್ಟಿರಲಿಲ್ಲ. ಆದರೆ ಹ್ಯಾರಿಸ್ 74 ಕ್ಯಾಚ್ ಹಿಡಿದ, ಆಲ್ಜಿಯರ್ 16. ಟಚ್‌ಡೌನ್ ಹ್ಯಾರಿಸನದು ಹತ್ತು, ಆಲ್ಜಿಯರನದು ನಾಲ್ಕು. ಕೂಡಿ ನೋಡಿದರೆ ಒಬ್ಬನಿಗೆ ಸುಮಾರು 300 ಪಾಯಿಂಟ್, ಇನ್ನೊಬ್ಬನಿಗೆ 157. 2021ರಲ್ಲಿ ಸ್ಟೀಲರ್ಸ್‌ನ ಆಫೆನ್ಸಿವ್ ಲೈನ್, ಅಂದರೆ ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಸಾಲು, ಸೊರಗಿತ್ತು. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್‌ಗೆ ಅದು ಕೊನೆಯ ಸೀಸನ್. ಚೆಂಡನ್ನು ಬೇಗ ಕೈಬಿಟ್ಟು ಹತ್ತಿರದವನಿಗೆ ಎಸೆಯುತ್ತಿದ್ದ. ‘ಲೈನ್ ಸರಿಯಿಲ್ಲ, ಹ್ಯಾರಿಸ್ ಬೇಡ’ ಎಂದು ಕೈಬಿಟ್ಟವರು ಆಟವನ್ನು ಸರಿಯಾಗಿಯೇ ಓದಿದ್ದರು, ಪಾಯಿಂಟನ್ನು ಓದಿರಲಿಲ್ಲ. ಲೈನ್ ಕೆಟ್ಟಿದ್ದರೆ ಓಟ ಕುಗ್ಗುತ್ತದೆ, ಹತ್ತಿರದ ಪಾಸ್ ಹೆಚ್ಚುತ್ತದೆ.

ಹಾಗಾಗಿ ನಾನು ಮೊದಲು ಕೇಳಿಕೊಳ್ಳುವುದು ಹುಡುಗ ಎಷ್ಟು ಚೆನ್ನಾಗಿ ಓಡುತ್ತಾನೆ ಎಂದಲ್ಲ, ಆ ತಂಡದಲ್ಲಿ ಅವನಿಗೆ ಯಾವ ಕೆಲಸ ಕಾದಿದೆ ಎಂದು. ಉತ್ತರದ ಮೊದಲ ಸುಳಿವು ಏಪ್ರಿಲ್ ಕೊನೆಯಲ್ಲಿ ನಿಜವಾದ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲೇ ಸಿಗುತ್ತದೆ. ಏಳು ಸುತ್ತುಗಳಲ್ಲಿ ಎಷ್ಟನೆಯವನಾಗಿ ಆರಿಸಿದರು ಎಂಬುದು ತಂಡ ಅವನ ಮೇಲೆ ಕಟ್ಟಿದ ಪಣ. ಸೇಕ್ವಾನ್ ಬಾರ್ಕ್ಲಿಯನ್ನು 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎರಡನೆಯ ಆಯ್ಕೆಯಾಗಿ ತೆಗೆದುಕೊಂಡಿತು, ಅಂಥವನನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ಯಾವ ಕೋಚಿಗೂ ಇರುವುದಿಲ್ಲ. ಅವನು ಆ ವರ್ಷ 91 ಕ್ಯಾಚ್ ಹಿಡಿದ. ಇನ್ನೊಂದು ಕಡೆ, ಅಲಬಾಮಾದಲ್ಲಿ ಕೊನೆಯ ವರ್ಷ ಬರೀ 120 ಸಲ ಓಡಿದ್ದ ಜಾಶ್ ಜೇಕಬ್ಸ್‌ನನ್ನು ರೈಡರ್ಸ್ 24ನೆಯ ಆಯ್ಕೆಯಾಗಿ ತಂದಾಗ ಹುಬ್ಬೇರಿಸಿದವರಿದ್ದರು. 2019ರಲ್ಲಿ ಅವನು 13 ಪಂದ್ಯಗಳಲ್ಲೇ 1150 ಯಾರ್ಡ್ ಓಡಿದ. ಕಾಲೇಜಿನ ಅಂಕಿಅಂಶಕ್ಕಿಂತ ತಂಡದ ಪಣವನ್ನು ನಾನು ಹೆಚ್ಚು ನಂಬುತ್ತೇನೆ. ಕುರುಡಾಗಿ ಅಲ್ಲ, ಅನ್ನಿ. ಸಿಯಾಟಲ್ 2018ರಲ್ಲಿ 27ನೆಯ ಆಯ್ಕೆಯಾಗಿ ತಂದ ರಶಾಡ್ ಪೆನ್ನಿ, ಹಿಂದಿನ ವರ್ಷ ಏಳನೆಯ ಸುತ್ತಿನಲ್ಲಿ ಬಂದಿದ್ದ ಕ್ರಿಸ್ ಕಾರ್ಸನ್‌ನ ಹಿಂದೆಯೇ ಉಳಿದ.

ಜಾಗ ಖಾಲಿಯಾಗುವುದನ್ನು ಮಾತ್ರ ಏಪ್ರಿಲ್‌ನಲ್ಲಿ ಕಾಣಲಾಗದು. 2017ರಲ್ಲಿ ಕ್ಯಾನ್ಸಸ್ ಸಿಟಿಯ ಸ್ಪೆನ್ಸರ್ ವೇರ್ ಪ್ರೀಸೀಸನ್‌ನಲ್ಲಿ, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ, ಮಂಡಿಗೆ ಗಾಯ ಮಾಡಿಕೊಂಡ. ಮೂರನೆಯ ಸುತ್ತಿನ ಕರೀಮ್ ಹಂಟ್ ಆ ಜಾಗಕ್ಕೆ ಬಂದು 1327 ಯಾರ್ಡ್ ಓಡಿ ಇಡೀ ಲೀಗಿಗೇ ಮೊದಲಿಗನಾದ. 2020ರಲ್ಲಿ ಜಾಕ್ಸನ್‌ವಿಲ್ ತಂಡ ಸೀಸನ್ ಶುರುವಾಗಲು ಎರಡು ವಾರವೂ ಇಲ್ಲದಾಗ ಲೆನರ್ಡ್ ಫೋರ್ನೆಟ್‌ನನ್ನು ಬಿಟ್ಟುಕೊಟ್ಟಿತು. ಡ್ರಾಫ್ಟಿನಲ್ಲಿ ಯಾರೂ ಆರಿಸದೇ ಇದ್ದ ಜೇಮ್ಸ್ ರಾಬಿನ್ಸನ್ ಅಲ್ಲಿ 1070 ಯಾರ್ಡ್ ಓಡಿದ. ಅದಕ್ಕೇ ನಮ್ಮ ಲೀಗಿನ ಡ್ರಾಫ್ಟನ್ನು ಸೆಪ್ಟೆಂಬರ್ ಶುರುವಿನ ಲೇಬರ್ ಡೇ ವಾರಾಂತ್ಯಕ್ಕೆ ಎಳೆದದ್ದು. ತಂಡಗಳು 53 ಜನರ ಪಟ್ಟಿ ಅಂತಿಮಗೊಳಿಸುವ ಮುಂಚೆ ಡ್ರಾಫ್ಟ್ ಮಾಡುವುದು ನನ್ನ ದೃಷ್ಟಿಯಲ್ಲಿ ಶುದ್ಧ ಜೂಜು.

ಫೆಬ್ರವರಿ ಕೊನೆಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾಗುವ ಕಂಬೈನ್‌ಗೆ, ಅಂದರೆ ಡ್ರಾಫ್ಟಿಗೆ ಬರುವ ಹುಡುಗರ ಓಟ-ಜಿಗಿತದ ಪರೀಕ್ಷೆಗೆ, ನಾನು ಕೊಡುವ ಸಮಯ ಕಡಿಮೆ. ನಲವತ್ತು ಯಾರ್ಡ್ ಓಟದ ಸೆಕೆಂಡುಗಳನ್ನು ಒಂಟಿಯಾಗಿ ನೋಡದೆ ತೂಕದ ಜೊತೆ ಸೇರಿಸಿ ಸ್ಪೀಡ್ ಸ್ಕೋರ್ ತೆಗೆಯುತ್ತೇನೆ: ಪೌಂಡಿನ ತೂಕವನ್ನು 200ರಿಂದ ಗುಣಿಸಿ, ಓಟದ ಸಮಯದ ನಾಲ್ಕನೇ ಘಾತದಿಂದ ಭಾಗಿಸುವುದು. ನೂರರ ಆಸುಪಾಸು ಸಾಧಾರಣ. 226 ಪೌಂಡಿದ್ದು 4.39 ಸೆಕೆಂಡಿನಲ್ಲಿ ಓಡಿದ ಜಾನಥನ್ ಟೇಲರ್‌ಗೆ ಹತ್ತಿರಹತ್ತಿರ 122 ಬರುತ್ತದೆ. ಮೊದಲು ಹೇಳಿದ ಕರೀಮ್ ಹಂಟ್‌ಗೆ 95ರಷ್ಟೇ. ಈ ಸಂಖ್ಯೆಗೆ ಎಷ್ಟು ಬೆಲೆ ಕೊಡಬೇಕು ಎಂಬುದಕ್ಕೆ ಹಂಟ್ ಒಬ್ಬನೇ ಸಾಕು.

ನಾನು ನಿಜವಾಗಿ ಸಮಯ ಸುರಿಯುವುದು ಬೇರೆಯವರು ದಾಟಿಕೊಂಡು ಹೋಗುವ ಕಡೆ: ಚೆಂಡು ಕೈಯಲ್ಲಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ? ಥರ್ಡ್ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು, ಹೆಚ್ಚಾಗಿ ಪಾಸ್ ಎಸೆಯುವ ಹೊತ್ತು), ಎಂಟು ಯಾರ್ಡ್ ಬೇಕು, ಎದುರಿನ ರಕ್ಷಣಾ ಪಡೆಯ ಲೈನ್‌ಬ್ಯಾಕರ್ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುತ್ತಾನೆ. ಆ ಬ್ಲಿಟ್ಜ್ ಎಲ್ಲಿಂದ ಬರುತ್ತಿದೆ ಎಂದು ಅರೆಗಳಿಗೆಯಲ್ಲಿ ಗುರುತಿಸಿ, ಅಡ್ಡ ನಿಂತು, ಎದೆ ಕೊಟ್ಟು ತಡೆಯುವುದು ರನ್ನಿಂಗ್ ಬ್ಯಾಕ್‌ನ ಕೆಲಸ. ಕಾಲೇಜಿನಲ್ಲಿ ಹಲವರಿಗೆ ಇದರ ಅಭ್ಯಾಸವೇ ಆಗಿರುವುದಿಲ್ಲ. ತಡೆಯಲು ಬಾರದವನನ್ನು ಕೋಚ್ ಥರ್ಡ್ ಡೌನ್‌ನಲ್ಲಿ ಇಳಿಸುವುದಿಲ್ಲ, ಕೋಟಿಗಟ್ಟಲೆ ಡಾಲರ್ ಸಂಬಳದ ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬು ಯಾರಿಗೆ ಬೇಡ? ಥರ್ಡ್ ಡೌನ್ ಇಲ್ಲವೆಂದರೆ ಕ್ಯಾಚ್ ಇಲ್ಲ, ಕ್ಯಾಚ್ ಇಲ್ಲವೆಂದರೆ ಆಲ್ಜಿಯರ್‌ನ ಲೆಕ್ಕ. ಅದಕ್ಕೇ ಕಾಲೇಜಿನ ಪಂದ್ಯಗಳನ್ನು ನೋಡುವಾಗ ಅವನು ಓಡುವ ಆಟಗಳನ್ನು ದಾಟಿಸಿ, ಬ್ಲಾಕ್ ಮಾಡುವ ಆಟಗಳಲ್ಲಿ ನಿಲ್ಲಿಸಿಕೊಂಡು ನೋಡುತ್ತೇನೆ. ಹೆಂಡತಿಗೆ ಇದು ಹುಚ್ಚು ಅನ್ನಿಸುತ್ತದೆ: ‘ಅವನು ಓಡೋದೇ ಇಲ್ವಲ್ರೀ, ಇದರಲ್ಲೇನಿದೆ?’ ಜುಲೈ-ಆಗಸ್ಟಿನ ಕ್ಯಾಂಪುಗಳಲ್ಲಿ ಬ್ಯಾಕ್‌ಗಳನ್ನೂ ಲೈನ್‌ಬ್ಯಾಕರ್‌ಗಳನ್ನೂ ಒಬ್ಬರಿಗೊಬ್ಬರು ಎದುರುಬದುರು ನಿಲ್ಲಿಸುವ ಡ್ರಿಲ್ ಇರುತ್ತದೆ. ಸ್ಥಳೀಯ ವರದಿಗಾರರು ಅದರ ಬಗ್ಗೆ ಬರೆದ ಎರಡು ಸಾಲು ನನಗೆ ಹತ್ತು ಹೈಲೈಟ್ ವಿಡಿಯೊಗಳಿಗೆ ಸಮ.

ಪ್ರೀಸೀಸನ್ ಪಂದ್ಯಗಳಲ್ಲೂ ಯಾರ್ಡ್ ನೋಡುವುದಿಲ್ಲ, ಯಾರ ಜೊತೆ ಆಡಿದ ಎಂದು ನೋಡುತ್ತೇನೆ. ಕೊನೆಯ ಕ್ವಾರ್ಟರ್‌ನಲ್ಲಿ ನೂರು ಯಾರ್ಡ್ ಓಡಿದವನು ಮುಂದಿನ ವಾರ ಕೆಲಸ ಕಳೆದುಕೊಳ್ಳುವವರ ಎದುರು ಓಡಿರುತ್ತಾನೆ. ಮುಖ್ಯ ಕ್ವಾರ್ಟರ್‌ಬ್ಯಾಕ್ ಜೊತೆ ಚೆಂಡು ತಮ್ಮ ತಂಡದ ಕೈಗೆ ಬಂದ ಒಂದೇ ಸರದಿ ಆಡಿ ಟೋಪಿ ಹಾಕಿಕೊಂಡು ಕೂತ ರೂಕಿ ನನಗೆ ಬೇಕು. ಹಿರಿಯರ ಜೊತೆ ಅವನನ್ನೂ ಆಡಿಸದೆ ಕಾಪಾಡಿಕೊಂಡರೆ ಇನ್ನೂ ಒಳ್ಳೆಯದು.

ಕ್ವಾರ್ಟರ್‌ಬ್ಯಾಕ್ ಯಾರು ಎಂಬುದನ್ನೂ ಬರೆದುಕೊಳ್ಳುತ್ತೇನೆ. ತಾನೇ ಓಡುವ ಕ್ವಾರ್ಟರ್‌ಬ್ಯಾಕ್ ಇದ್ದರೆ ಬ್ಯಾಕ್‌ಗೆ ಓಡಲು ದಾರಿ ತೆರೆದುಕೊಳ್ಳುತ್ತದೆ, ಪಾಸ್ ಮುಚ್ಚಿಕೊಳ್ಳುತ್ತದೆ. 2020ರಲ್ಲಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ತಾನೇ 1005 ಯಾರ್ಡ್ ಓಡಿದ. ಅವನ ಪಕ್ಕದ ರೂಕಿ ಜೆ.ಕೆ. ಡಾಬಿನ್ಸ್ 805 ಯಾರ್ಡ್ ಚೆನ್ನಾಗಿಯೇ ಓಡಿದ, ಕ್ಯಾಚ್ ಮಾತ್ರ 18.

ಇಷ್ಟಾದ ಮೇಲೆ ಬೆಲೆಯ ಮಾತು, ಅಂದರೆ ನಮ್ಮ ಫ್ಯಾಂಟಸಿ ಡ್ರಾಫ್ಟಿನ ಎಷ್ಟನೆಯ ಸುತ್ತನ್ನು ಅವನಿಗೆ ಖರ್ಚು ಮಾಡಬೇಕು ಎಂಬುದು. ಒಳ್ಳೆಯ ಆಟಗಾರನೂ ಕೆಟ್ಟ ಆಯ್ಕೆಯಾಗಬಹುದು. 2020ರಲ್ಲಿ ಡೇಮಿಯನ್ ವಿಲಿಯಮ್ಸ್ ಕೋವಿಡ್ ಕಾರಣಕ್ಕೆ ಸೀಸನ್‌ನಿಂದ ಹಿಂದೆ ಸರಿದಾಗ, ಕ್ಯಾನ್ಸಸ್ ಸಿಟಿಯ ರೂಕಿ ಕ್ಲೈಡ್ ಎಡ್ವರ್ಡ್ಸ್-ಎಲೇರ್‌ನ ಬೆಲೆ ಸೀದಾ ಮೊದಲ ಸುತ್ತಿಗೆ ಜಿಗಿಯಿತು. ಜಾಗ ಖಾಲಿ, ಎನ್‌ಎಫ್‌ಎಲ್ ಡ್ರಾಫ್ಟಿನಲ್ಲೂ ಮೊದಲ ಸುತ್ತಿನ ಆಯ್ಕೆ, ಪಕ್ಕದಲ್ಲಿ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಎಲ್ಲ ಸರಿ, ಆದರೆ ಆ ಬೆಲೆಗೆ ಎಲ್ಲವೂ ಸರಿಯಾಗಿಯೇ ನಡೆಯಬೇಕಿತ್ತು. ಗೋಲ್ ಲೈನ್ ಹತ್ತಿರ ಬಂದಾಗ ಮಹೋಮ್ಸ್ ಎಸೆಯುತ್ತಾನೆ, ಬ್ಯಾಕ್‌ಗೆ ಕೊಡುವುದಿಲ್ಲ ಎಂಬ ಅನುಮಾನ ನನಗಿತ್ತು. ವರ್ಷದ ಕೊನೆಗೆ ಎಡ್ವರ್ಡ್ಸ್-ಎಲೇರ್‌ನ ಓಟ 803 ಯಾರ್ಡ್, ಓಡಿ ಹೊಡೆದ ಟಚ್‌ಡೌನ್ ನಾಲ್ಕು. ನಾನು ಅವನನ್ನು ಬಿಟ್ಟು, ನಮ್ಮ ಲೀಗಿನಲ್ಲಿ ತಡವಾಗಿ ಸಿಕ್ಕ ಜಾನಥನ್ ಟೇಲರ್‌ಗೆ ಹೋದೆ. ಅವನು 1169 ಯಾರ್ಡ್, 11 ಟಚ್‌ಡೌನ್ ಹೊಡೆದ. ಅದರಲ್ಲಿ 253 ಯಾರ್ಡ್ ಸೀಸನ್‌ನ ಕೊನೆಯ ಪಂದ್ಯದಲ್ಲಿ, ನಮ್ಮ ಫೈನಲ್ ಮುಗಿದ ಮರುವಾರ! ಊಟಕ್ಕೆ ಬಾರದ ಉಪ್ಪಿನಕಾಯಿ.

ಸೆಪ್ಟೆಂಬರ್‌ನ ರೂಕಿ ಬೇರೆ, ಡಿಸೆಂಬರ್‌ನ ರೂಕಿ ಬೇರೆ. 2023ರಲ್ಲಿ 12ನೆಯ ಆಯ್ಕೆಯಾಗಿ ಡೆಟ್ರಾಯ್ಟ್‌ಗೆ ಬಂದ ಜಾಮಿರ್ ಗಿಬ್ಸ್‌ಗೆ ಮೊದಲ ವಾರಗಳಲ್ಲಿ ಸಿಕ್ಕಿದ್ದು ಚೆಂಡು ಮುಟ್ಟುವ ಎಂಜಲು ಅವಕಾಶಗಳು. ಡೇವಿಡ್ ಮಾಂಟ್ಗೊಮರಿ ಗಾಯಗೊಂಡ ಮೇಲೆ ಅಕ್ಟೋಬರ್ ಕೊನೆಯ ಸೋಮವಾರ ರೈಡರ್ಸ್ ವಿರುದ್ಧ 152 ಯಾರ್ಡ್ ಓಡಿದ. 2024ರಲ್ಲಿ ಟ್ಯಾಂಪಾ ಬೇ 125ನೆಯ ಆಯ್ಕೆಯಾಗಿ ತಂದ ಬಕಿ ಅರ್ವಿಂಗ್ ಸೀಸನ್ ಶುರುವಿನಲ್ಲಿ ರಶಾಡ್ ವೈಟ್‌ನ ಹಿಂದಿದ್ದ, ಮುಗಿಸುವಾಗ 1122 ಯಾರ್ಡ್ ಓಡಿದ್ದ. ಹಾಗಾಗಿ ಮೊದಲ ಎರಡು ಸುತ್ತಿನಲ್ಲಿ ನಾನು ರೂಕಿಯನ್ನು ಮುಟ್ಟುವುದು ಬಲು ಅಪರೂಪ. ಐದರಿಂದ ಒಂಬತ್ತನೆಯ ಸುತ್ತಿನೊಳಗೆ ಇಬ್ಬರನ್ನು ತೆಗೆದುಕೊಂಡು ಬೆಂಚಿನಲ್ಲಿ ಕೂರಿಸುತ್ತೇನೆ, ವಾರವಾರ ಯಾರ್ಡ್ ಬಿಟ್ಟು ಅವರು ಮೈದಾನದಲ್ಲಿದ್ದ ಸ್ನ್ಯಾಪ್‌ಗಳ (ಚೆಂಡನ್ನು ಆಟಕ್ಕೆ ಬಿಡುವ ಒಂದೊಂದು ಸಲವೂ ಒಂದು ಸ್ನ್ಯಾಪ್) ಪಾಲು ಏರುತ್ತಿದೆಯೇ ಎಂದು ಗಮನಿಸುತ್ತೇನೆ. ಗಾಯ ಮಾತ್ರ ಯಾರ ಶೀಟಿಗೂ ಸಿಗುವುದಲ್ಲ. 2022ರಲ್ಲಿ ಜೆಟ್ಸ್‌ನ ಬ್ರೀಸ್ ಹಾಲ್ ಏಳನೆಯ ವಾರ ಮಂಡಿಗೆ ಗಾಯವಾಗಿ ಉಳಿದ ಸೀಸನ್ ಕಳೆದುಕೊಂಡ.

ಅಕ್ಟೋಬರ್‌ನಲ್ಲಿ ನನ್ನ ಇನ್ನೊಂದು ಸುತ್ತಿನ ಖರೀದಿ. ಕನ್ನಡ ಸಂಘದ ದಸರಾ ಕಾರ್ಯಕ್ರಮ ಭಾನುವಾರ ಬಿದ್ದರೆ ಊಟದ ಸಾಲಿನಲ್ಲಿ ನಿಂತು ಫೋನಿನಲ್ಲಿ ಸ್ಕೋರ್ ನೋಡುತ್ತಾ ತಮ್ಮ ರೂಕಿಗೆ ಬೈಯುವವರು ಸಿಗುತ್ತಾರೆ. ‘ಮೂರು ಪಾಯಿಂಟ್ ಮಾರಾಯ, ಮೂರು! ಇವನನ್ನ ಯಾರಿಗಾದ್ರೂ ದಾಟಿಸಿಬಿಡ್ತೀನಿ’ ಅನ್ನುವವರ ಪಕ್ಕ ನಾನು ತಟ್ಟೆ ಹಿಡಿದು ನಿಲ್ಲುತ್ತೇನೆ. ಅವನ ಸ್ನ್ಯಾಪ್ ಪಾಲು ಮೂರು ವಾರದಿಂದ ಏರುತ್ತಿದ್ದರೆ, ಹೋಳಿಗೆ ಬರುವಷ್ಟರಲ್ಲಿ ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ಪ್ರಸ್ತಾಪ, ಕಳಿಸಿರುತ್ತೇನೆ.